ದ್ವೀಪಕ್ಕೆ ಹೋಗುವ ಏರ್ಪಾಡು

ಮಂಡ್ಯದ ಸೀಮೆಯಲ್ಲಿ ಊರು ಬಿಟ್ಟು ಹೊರಡುವುದಕ್ಕೆ ಮೊದಲಿನಿಂದಲೂ ಒಂದು ನಿಮಿತ್ತ ಬೇಕು. ಜಾತ್ರೆಗೆ ಹೋಗುವವರುಂಟು, ಮದುವೆಗೆ ಹೋಗುವವರುಂಟು, ಹೆಣ್ಣು ನೋಡುವುದಕ್ಕೆ, ಎತ್ತು ಕೊಳ್ಳುವುದಕ್ಕೆ, ವ್ಯಾಜ್ಯಕ್ಕೆ, ಆಸ್ಪತ್ರೆಗೆ, ಸಾವಿನ ಸುದ್ದಿ ಬಂದರೆ ಅದಕ್ಕೆ. ಎಲ್ಲಿಗೆಂದು ಕೇಳಿದವರಿಗೆ ಊರಿನ ಹೆಸರನ್ನು ಹೇಳಿದರೆ ಸಾಲದು, ಏಕೆಂಬುದನ್ನೂ ಹೇಳಬೇಕು. ‘ಸುಮ್ಮನೆ’ ಎಂಬ ಉತ್ತರವನ್ನು ಯಾರೂ ಒಪ್ಪುವುದಿಲ್ಲ. ಇವರು ಏನನ್ನೋ ಮರೆಮಾಚುತ್ತಿದ್ದಾರೆಂದು ತಿಳಿಯುತ್ತಾರೆ. ದೇವರ ಹೆಸರು ಸೇರಿಕೊಂಡರೆ ಸುಮ್ಮನೆ ಹೋಗುವುದಕ್ಕೂ ಒಂದು ಮರ್ಯಾದೆ ಬರುತ್ತದೆ. ಬೆಟ್ಟ ಹತ್ತಿ ಗಾಳಿ ಕುಡಿದು ಬಂದವನು ಹಣೆಗೆ ಕುಂಕುಮವಿಟ್ಟುಕೊಂಡು ಬಂದರೆ ಅವನನ್ನು ಯಾರೂ ಪ್ರಶ್ನಿಸುವುದಿಲ್ಲ. ವಿಹಾರವೆಂಬ ಮಾತು ಭಾಷೆಯಲ್ಲಿ ಇಲ್ಲದೆ ಇಲ್ಲ. ಆದರೆ ಅದು ಕಾವ್ಯದ ಮಾತು. ವನವಿಹಾರ, ಜಲವಿಹಾರಗಳು ಅರಸರಿಗೆ ಮೀಸಲು. ಅವರು ಹಿಂದಿರುಗುವ ವೇಳೆಗೆ ಅಡಿಗೆಯಾಗಿರುತ್ತದೆ. ಒಕ್ಕಲು ಮನೆಯ ಹೆಂಗಸು ಆ ಮಾತನ್ನು ತನ್ನ ವಿಷಯದಲ್ಲಿ ಆಡಿಕೊಂಡದ್ದು ಕೇಳಿದವರಿಲ್ಲ.

ಹೀಗಿರಲು, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಾಲ್ಕೆಕರೆ ಕಬ್ಬು ಬೆಳೆದು ಜೀವನ ಮಾಡಿದ ಒಂದು ಸಂಸಾರಕ್ಕೆ, ಅಮೆರಿಕೆಯಲ್ಲಿ ಕೆಲಸಕ್ಕಿರುವ ಮಗನಿಂದ ಒಂದು ವಿಚಿತ್ರವಾದ ಸೂಚನೆ ಬಂತು. ತಂದೆತಾಯಿಗಳ ಮದುವೆಯಾಗಿ ನಲವತ್ತು ವರ್ಷ ತುಂಬುತ್ತದೆ, ಆ ನೆಪಕ್ಕೆ ಅವರಿಬ್ಬರೂ ಕೆರಿಬಿಯನ್ ಸಮುದ್ರದ ಒಂದು ದ್ವೀಪಕ್ಕೆ ಹೋಗಿ ಒಂದು ವಾರ ಸುಖವಾಗಿದ್ದು ಬರಬೇಕು, ಖರ್ಚು ಅವನದು. ದ್ವೀಪವನ್ನೂ ಅವನೇ ಗೊತ್ತುಮಾಡಿದ್ದನು. ಎಲ್ಲರೂ ಹೋಗುವ ದ್ವೀಪಗಳು ಬೇಡ, ಅಲ್ಲಿ ಜನಜಂಗುಳಿ. ಹೆಚ್ಚು ಮಂದಿಗೆ ಹೆಸರು ತಿಳಿಯದ ನೀವಿಸ್ ಎಂಬುದು ಒಂದಿದೆ, ಅದೇ ಸರಿ ಎಂದನು. ಯಾವ ನಿಮಿತ್ತಕ್ಕೆ ಹೋಗುವುದೆಂದು ತಾಯಿ ಕೇಳಿದಳು. ಯಾವ ನಿಮಿತ್ತವೂ ಇಲ್ಲ, ಸುಮ್ಮನಿರುವುದಕ್ಕೆ, ಎಂದು ಮಗನು ಹೇಳಿದನು.

ಯಜಮಾನರಿಗೆ ವೆಸ್ಟ್ ಇಂಡೀಸ್ ಅಪರಿಚಿತವಾಗಿರಲಿಲ್ಲ. ಆ ತಲೆಮಾರಿನ ಕನ್ನಡಿಗರಿಗೆ ಆ ಭೂಗೋಳವನ್ನು ಕಲಿಸಿದ್ದು ಪಾಠಶಾಲೆಯಲ್ಲ, ಕ್ರಿಕೆಟ್ಟು. 1976 ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಭಾರತವು ನಾನ್ನೂರಕ್ಕೂ ಮೇಲಿನ ಗುರಿಯನ್ನು ಬೆನ್ನಟ್ಟಿ ಗೆದ್ದಾಗ ಭದ್ರಾವತಿಯ ವಿಶ್ವನಾಥ್ 112 ಓಟಗಳನ್ನು ಹೊಡೆದದ್ದನ್ನು ಅವರು ಪತ್ರಿಕೆಯಲ್ಲಿ ಓದಿ, ಆ ಹಾಳೆಯನ್ನು ಬಹುಕಾಲ ಮಡಿಸಿಟ್ಟಿದ್ದರು. 2002 ರಲ್ಲಿ ಆಂಟಿಗದಲ್ಲಿ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬಂದು ಲಾರಾನನ್ನು ಔಟು ಮಾಡಿದ್ದನ್ನು ಊರಿಗೆ ಊರೇ ನೋಡಿತು. ಆದ್ದರಿಂದ ಟ್ರಿನಿಡಾಡು, ಬಾರ್ಬಡೋಸು, ಜಮೈಕಗಳೆಂದರೆ ಅವರಿಗೆ ಪಕ್ಕದ ತಾಲ್ಲೂಕಿನಷ್ಟು ಸಲಿಗೆ. ನೀವಿಸ್ ಮಾತ್ರ ಯಾವ ಪಂದ್ಯದ ವರದಿಯಲ್ಲಿಯೂ ಕಂಡಿರಲಿಲ್ಲ.

ಅವರು ಲೆಕ್ಕದ ಮನುಷ್ಯರು. ಕಬ್ಬಿನ ಕಟಾವಿನ ಲೆಕ್ಕ ಬರೆಯುವ ಪುಸ್ತಕದ ಕಡೆಯ ಪುಟವನ್ನು ತಿರುವಿ ದ್ವೀಪದ ವಿವರಗಳನ್ನು ಬರೆಯತೊಡಗಿದರು. ವಿಸ್ತೀರ್ಣ 93 ಚದರ ಕಿಲೋಮೀಟರು, ಎಂದರೆ ಮಂಡ್ಯ ಜಿಲ್ಲೆಯ ಒಂದು ಹೋಬಳಿಗೆ ಹೋಲಿಸಬಹುದಾದಷ್ಟು. ನಟ್ಟನಡುವೆ 985 ಮೀಟರ್ ಎತ್ತರದ ಒಂದೇ ಒಂದು ಬೆಟ್ಟ, ಅದರ ತಲೆಯ ಮೇಲೆ ಯಾವಾಗಲೂ ಮೋಡ. 1493 ರಲ್ಲಿ ಆ ಮಾರ್ಗವಾಗಿ ಹೋದ ಕೊಲಂಬಸನ ಕಾಲದ ಸ್ಪೇನಿನವರು ಆ ಬಿಳಿಯ ಮೋಡದಿಂದ ಹಿಮವನ್ನು ನೆನೆದರಂತೆ. ಹೆಸರು ಬಂದದ್ದು ಹಾಗೆ. ಸುಡುವ ಬಿಸಿಲಿನ ನಾಡಿಗೆ ಹಿಮದ ಹೆಸರು! 1983 ರಲ್ಲಿ ಸೇಂಟ್ ಕಿಟ್ಸ್ ಎಂಬ ನೆರೆಯ ದ್ವೀಪದೊಡನೆ ಸೇರಿ ಸ್ವತಂತ್ರ ರಾಷ್ಟ್ರವಾಯಿತು. ವಿಮಾನದಲ್ಲಿ ಸೇಂಟ್ ಕಿಟ್ಸಿಗೆ ಹೋಗಿ, ಅಲ್ಲಿಂದ ಕಿರಿದಾದ ಕಡಲನ್ನು ದೋಣಿಯಲ್ಲಿ ದಾಟಬಹುದು. ಕೋತಿಗಳು ಧಾರಾಳ. ಹಿಂದೆ ಆಫ್ರಿಕದಿಂದ ಬಂದು ಕಾಡು ಸೇರಿದ ಆ ಕೋತಿಗಳು ತೋಟದ ಹಣ್ಣನ್ನು ಉಳಿಸುವುದಿಲ್ಲವೆಂದು ಓದಿದಾಗ ಯಜಮಾನರಿಗೆ ಆ ದ್ವೀಪದ ಮೇಲೆ ಮೊದಲ ಬಾರಿಗೆ ವಿಶ್ವಾಸ ಹುಟ್ಟಿತು.

ಮನೆಯಾಕೆಯ ಪ್ರಶ್ನೆಗಳೇ ಬೇರೆ. ಅಲ್ಲಿ ಒಲೆ ಹಚ್ಚುವವರು ಯಾರು? ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಬೇಕು? ಉಂಡ ತಟ್ಟೆಯನ್ನು ಎಲ್ಲಿ ತೊಳೆಯಬೇಕು? ಯಾವುದನ್ನೂ ಮಾಡಬೇಕಾಗಿಲ್ಲ, ಎದ್ದಾಗ ಏಳಬಹುದು, ಕೇಳಿದ್ದನ್ನು ತಂದುಕೊಡುತ್ತಾರೆ, ಎಂಬ ಉತ್ತರ ಬಂತು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ನೀವಿಸಿನ ಗಡಿಯಾರವು ಇಲ್ಲಿಯದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಆಕೆ ಬೆಳಗಿನ ಐದೂವರೆಗೆ ಕಸ ಬಳಿಯಲು ಅಂಗಳಕ್ಕಿಳಿಯುವಾಗ ಅಲ್ಲಿ ಹಿಂದಿನ ದಿನದ ರಾತ್ರಿ ಎಂಟು ಗಂಟೆ. ಅದನ್ನು ಕೇಳಿ, ಹಾಗಾದರೆ ಅಲ್ಲಿ ಒಂದು ದಿನ ಮಿಕ್ಕುತ್ತದೆಯೇ ಎಂದು ಕೇಳಿದಳು. ಪ್ರಶ್ನೆ ತಪ್ಪಾಗಿದ್ದರೂ ಅದರ ಹಿಂದಿನ ಆಸೆ ತಪ್ಪಾಗಿರಲಿಲ್ಲ.

ತಂಗುವ ಮನೆಯ ಚಿತ್ರಗಳನ್ನು ಮಗನು ಕಳುಹಿಸಿದನು. ಕಲ್ಲಿನ ದಪ್ಪ ಗೋಡೆಗಳು, ಮೊಟಕಾದ ಒಂದು ಗೋಪುರ, ಸುತ್ತ ಹುಲ್ಲುಹಾಸು, ಗೋಪುರದೊಳಗೆ ಮೇಣದ ಬತ್ತಿಯ ಬೆಳಕಿನಲ್ಲಿ ಊಟದ ಮೇಜು. ಯಜಮಾನರು ಕನ್ನಡಕವನ್ನು ಸರಿಮಾಡಿಕೊಂಡು ಆ ಗೋಪುರವನ್ನು ನೋಡಿದರು. ಅದು ದೇವಾಲಯವೂ ಅಲ್ಲ, ಕೋಟೆಯೂ ಅಲ್ಲ. ಅದು ಗಾಣ. ಗಾಳಿಯ ಬಲದಿಂದ ಕಬ್ಬನ್ನು ಅರೆಯುತ್ತಿದ್ದ ಗಾಣದ ಬುರುಜು. ಅದರ ಪಕ್ಕದ ಉದ್ದನೆಯ ಕಟ್ಟಡ ಕಬ್ಬಿನ ಹಾಲನ್ನು ಕಾಯಿಸುತ್ತಿದ್ದ ಕೊಪ್ಪರಿಗೆಗಳ ಮನೆ. ನೀವಿಸಿನ ಹೆಸರಾಂತ ವಸತಿಗೃಹಗಳು ಹಲವು ಹಳೆಯ ಸಕ್ಕರೆಯ ತೋಟಗಳಲ್ಲಿಯೇ ಇವೆಯೆಂದು ಆಮೇಲೆ ತಿಳಿಯಿತು.

“ಆಲೆಮನೇಲಿ ಮಲಗೋದಕ್ಕೂ ದುಡ್ಡು ಕೊಡಬೇಕಾ?” ಎಂದು ಮನೆಯಾಕೆ ಕೇಳಿದಳು.

ಆಲೆಮನೆಯಲ್ಲಿ ಮಲಗಿ ಗೊತ್ತಿದ್ದವಳು ಆಕೆ. ಮದುವೆಯಾದ ಹೊಸತರಲ್ಲಿ, ಬೆಲ್ಲ ಕಾಯಿಸುವ ದಿನಗಳಲ್ಲಿ, ಸಿಪ್ಪೆ ಒಣಗಿಸಿ ಒಲೆಗೆ ತಳ್ಳುವ ಕೆಲಸ ಬೆಳಗಿನ ಜಾವದವರೆಗೂ ನಡೆಯುತ್ತಿದ್ದು, ಅಲ್ಲಿಯೇ ಸಿಪ್ಪೆಯ ರಾಶಿಯ ಮೇಲೆ ತಲೆಯಿಟ್ಟವಳು. ಆ ಸಿಹಿಯಾದ ಹೊಗೆಯ ವಾಸನೆ ಸೀರೆಯಿಂದ ಒಂದು ವಾರವಾದರೂ ಹೋಗುತ್ತಿರಲಿಲ್ಲ. ಅಂಥ ಕಡೆಗೆ ಅಷ್ಟು ದೂರ ಹೋಗಿ ಸುಖಪಡಬೇಕೆಂಬುದು ಆಕೆಗೆ ನಗೆಯನ್ನು ತಂದಿತು.

ಯಜಮಾನರು ನಗಲಿಲ್ಲ. ಅವರು ಗಾಣದ ಹಿಂದಿನ ಕತೆಯನ್ನು ಹುಡುಕಿಕೊಂಡು ಹೋದರು. ಅದು ಹಿತವಾದ ಓದಲ್ಲ. ಒಂದು ಕಾಲಕ್ಕೆ ಆ ಪುಟ್ಟ ದ್ವೀಪದ ಸಕ್ಕರೆಯಿಂದ ಇಂಗ್ಲೆಂಡಿನ ಎಷ್ಟೋ ಮನೆತನಗಳು ಐಶ್ವರ್ಯವಂತವಾದವು. ಆಗಿನ ಶ್ರೀಮಂತರು ಬಿಸಿನೀರಿನ ಚಿಲುಮೆಯಲ್ಲಿ ಸ್ನಾನ ಮಾಡಲು ಬರುತ್ತಿದ್ದುದರಿಂದ, 1778 ರಷ್ಟು ಹಿಂದೆಯೇ ಅಲ್ಲಿ ಒಂದು ಭಾರಿ ಹೋಟೆಲು ಕಟ್ಟಿದ್ದರು. ನೆಲ್ಸನ್ ನೌಕಾಧಿಪತಿ 1787 ರಲ್ಲಿ ಮದುವೆಯಾದದ್ದೂ ಅಲ್ಲಿಯ ಒಂದು ತೋಟದಲ್ಲಿ. ಕಬ್ಬು ಕಡಿದವರು, ಹಾಲು ಕಾಯಿಸಿದವರು ಮಾತ್ರ ಆಫ್ರಿಕದಿಂದ ಸಂಕೋಲೆಯಲ್ಲಿ ಬಂದವರು. ರಾತ್ರಿಯ ಪಾಳಿಯಲ್ಲಿ ನಿದ್ದೆ ತೂಗಿ ಗಾಣಕ್ಕೆ ಕೈ ಸಿಕ್ಕಿದರೆ ದೇಹವೆಲ್ಲ ಹೋಗದಂತೆ ಕೈಯನ್ನು ಕಡಿಯುವುದಕ್ಕೆ ಪಕ್ಕದಲ್ಲಿಯೇ ಕೊಡಲಿಯನ್ನು ಇಟ್ಟಿರುತ್ತಿದ್ದ ಗಾಣಗಳಿದ್ದವು ಆ ದ್ವೀಪಗಳಲ್ಲಿ. 1834 ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ನಿಂತಿತು. ನಿಂತ ಮೇಲೆ ಕಬ್ಬು ಕಡಿಯಲು ಆಳು ಬೇಕಾಗಿ ಹಿಂದೂಸ್ತಾನದ ಕಡೆಗೆ ನೋಡಿದರು. 1838 ರಲ್ಲಿ ಬ್ರಿಟಿಷ್ ಗಯಾನಕ್ಕೆ, 1845 ರಲ್ಲಿ ಟ್ರಿನಿಡಾಡಿಗೆ ಕರಾರಿನ ಕೂಲಿಗಳ ಹಡಗುಗಳು ಹೋದವು; ಕಲ್ಕತ್ತೆಯಿಂದ ಹೆಚ್ಚು, ಮದರಾಸಿನಿಂದಲೂ ಕೆಲವು. 1917 ರಲ್ಲಿ ಆ ಪದ್ಧತಿ ನಿಂತಿತು.

ಒಬ್ಬ ಕಬ್ಬಿನ ಬೆಳೆಗಾರನಿಗೆ ಇದೆಲ್ಲ ಪರರ ಕತೆಯಾಗಿ ತೋರುವುದು ಕಷ್ಟ. ಮಂಡ್ಯದ ಕಬ್ಬಿನ ಕತೆ ಸಂಕೋಲೆಯದಲ್ಲ, ನಿಜ. ಕನ್ನಂಬಾಡಿಯ ನೀರು ಹುಲಿಕೆರೆಯ ಸುರಂಗವನ್ನು ದಾಟಿ ಒಣಭೂಮಿಗೆ ಬಂದಾಗ, ಬೇಸಾಯದ ಇಲಾಖೆಯ ಮುಖ್ಯಸ್ಥನಾಗಿದ್ದ ಕೆನಡದ ಲೆಸ್ಲಿ ಕೋಲ್ಮನ್ನನು ರಾಗಿಯ ಸೀಮೆಯ ರೈತರಿಗೆ ಕಬ್ಬಿನ ಪಾಠ ಹೇಳಿಸಿದನು. 1933 ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ಇಲ್ಲಿ ಹೊಲ ರೈತನದೇ. ಆದರೆ ಕಬ್ಬಿನ ಸೋಗೆಯ ಅಲಗು ಯಾವ ದೇಶದಲ್ಲಿಯೂ ಒಂದೇ. ಕಡಿಯುವವರ ಮುಂಗೈಯನ್ನು ಅದು ಎಲ್ಲೆಡೆಯಲ್ಲಿಯೂ ಗೀರುತ್ತದೆ. ಯಜಮಾನರ ಮುಂಗೈಯಲ್ಲಿಯೂ ಆ ಗೀರುಗಳಿದ್ದುವು. ಕಟಾವಿಗೆ ಬಳ್ಳಾರಿಯ ಕಡೆಯಿಂದ ಬಂದು ಹೊಲದ ಅಂಚಿನಲ್ಲಿ ಗುಡಿಸಲು ಹಾಕುವ ಕೂಲಿಯವರ ಮೈಯ ಮೇಲೆ ಇನ್ನೂ ಹೆಚ್ಚು. ಇದನ್ನು ಅವರು ಪುಸ್ತಕದಲ್ಲಿ ಬರೆಯಲಿಲ್ಲ.

ಬರೆದದ್ದು ಬೇರೊಂದು ಲೆಕ್ಕ. 2025–26 ನೆಯ ಹಂಗಾಮಿಗೆ ಕೇಂದ್ರ ಸರಕಾರವು ಗೊತ್ತುಮಾಡಿದ ಕಬ್ಬಿನ ಬೆಲೆ ಕ್ವಿಂಟಾಲಿಗೆ 355 ರೂಪಾಯಿ, ಟನ್ನಿಗೆ 3,550. ಚಿತ್ರದಲ್ಲಿ ಕಂಡ ಕೋಣೆಯ ಒಂದು ರಾತ್ರಿಯ ಬಾಡಿಗೆಗೆ ಹತ್ತು ಟನ್ನಿಗೂ ಮೇಲೆ ಕಬ್ಬು ಬೇಕು. ಏಳು ರಾತ್ರಿಗೆ ಏಳು ಲಾರಿಯ ಹೊರೆ ಎಂದು ತಾವೇ ಅಂದಾಜು ಹಾಕಿ, ಹಣ ತಮ್ಮದಲ್ಲವೆಂಬುದನ್ನು ನೆನಪಿಗೆ ತಂದುಕೊಂಡು, ಆ ಸಾಲನ್ನು ಹೊಡೆದುಹಾಕಿದರು.

ನ್ಯಾಯವಾಗಿ ಹೇಳುವುದಾದರೆ, ಆ ದ್ವೀಪಕ್ಕೆ ಹೋಗುವುದು ತಪ್ಪೆಂದು ಇದರಿಂದ ಸಿದ್ಧವಾಗುವುದಿಲ್ಲ. ನೆರೆಯ ಸೇಂಟ್ ಕಿಟ್ಸಿನಲ್ಲಿ 2005 ರಲ್ಲಿ ಕಬ್ಬಿನ ಉದ್ಯಮವನ್ನೇ ಮುಚ್ಚಿದರು. ಆ ಜನರ ಮೊಮ್ಮಕ್ಕಳು ಈಗ ಹಡಗುಕಟ್ಟೆಯಲ್ಲಿ, ಹೋಟೆಲಿನಲ್ಲಿ ದುಡಿದು ಸಂಬಳ ತರುತ್ತಾರೆ; ಪರಸ್ಥಳದವರು ಬಾರದೆ ಹೋದರೆ ಅವರಿಗೆ ನಷ್ಟವೇ ಹೊರತು ಪುಣ್ಯವಿಲ್ಲ. ಗಾಣದೊಳಗೆ ಊಟದ ಮೇಜನ್ನು ಹಾಕಿದ್ದು ಅವರ ಜಾಣತನ. ಮಗನೂ ಇದನ್ನೇ ಹೇಳಿದನು. ಅವನ ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಆದರೂ ಆ ಮೇಜಿನ ಮುಂದೆ ಕುಳಿತು, ಇನ್ನೊಬ್ಬರು ಬಡಿಸಲು ಕಾದು ನಿಂತಿರುವಾಗ, ತಾವು ಸುಮ್ಮನೆ ಉಣ್ಣುವುದು ಹೇಗೆಂಬುದು ಆ ದಂಪತಿಗಳಿಗೆ ಹೊಳೆಯಲಿಲ್ಲ. ಸುಖಪಡುವುದಕ್ಕೂ ಒಂದು ಅಭ್ಯಾಸ ಬೇಕು. ಅದನ್ನು ಅರುವತ್ತು ಕಳೆದ ಮೇಲೆ ಮೊದಲು ಮಾಡುವುದು ಈಜು ಕಲಿತಂತೆ; ನೀರು ಹಿತವಾಗಿದ್ದರೂ ಮೈ ನಂಬುವುದಿಲ್ಲ.

ಋತುವಿನ ಪ್ರಶ್ನೆಯೂ ಬಂತು. ಅಲ್ಲಿ ಜೂನಿನಿಂದ ನವೆಂಬರಿನವರೆಗೆ ಚಂಡಮಾರುತಗಳ ಕಾಲ. ಹೋಗತಕ್ಕದ್ದು ಡಿಸೆಂಬರಿನಿಂದ ಏಪ್ರಿಲಿನವರೆಗೆ. ಆ ದಿನಗಳೋ ಇಲ್ಲಿ ಕಟಾವು, ಸುಗ್ಗಿ, ಮದುವೆ, ಜಾತ್ರೆಗಳ ದಿನ. ಮನೆ ಬಿಡುವುದು ಸಾಧ್ಯವಿರುವುದು ಆಷಾಢದಲ್ಲಿ. ಆಗ ಅಲ್ಲಿ ಬಿರುಗಾಳಿ. ಎರಡು ಪಂಚಾಂಗಗಳೂ ಎಲ್ಲಿಯೂ ಕೂಡಲಿಲ್ಲ.

ಆಗ ಮನೆಯಾಕೆ ಹೇಳಿದಳು: “ದ್ವೀಪವೇ ಆಗಬೇಕು ಅನ್ನೋದಾದರೆ ನಮ್ಮೂರ ಹತ್ತಿರಾನೇ ಒಂದಿದೆಯಲ್ಲ.”

ಆಕೆಯ ತವರು ಮಳವಳ್ಳಿಯ ತಾಲ್ಲೂಕು. ಶಿವನಸಮುದ್ರವನ್ನು ದ್ವೀಪವೆಂದು ಯಾರೂ ಎಣಿಸುವುದಿಲ್ಲ. ಜಲಪಾತವೆನ್ನುತ್ತಾರೆ, ಕ್ಷೇತ್ರವೆನ್ನುತ್ತಾರೆ, ವಿದ್ಯುತ್ತಿನ ಕಾರ್ಖಾನೆಯೆನ್ನುತ್ತಾರೆ. ಕಾವೇರಿಯು ಎರಡಾಗಿ ಒಡೆದು, ಮೂರು ಮೈಲಿ ಉದ್ದದ ಒಂದು ನೆಲವನ್ನು ತಬ್ಬಿಕೊಂಡು, ಎಡದಲ್ಲಿ ಗಗನಚುಕ್ಕಿಯಾಗಿ ಬಲದಲ್ಲಿ ಭರಚುಕ್ಕಿಯಾಗಿ ಬಿದ್ದು ಮತ್ತೆ ಒಂದಾಗುತ್ತಾಳೆ. ಸುತ್ತಲೂ ನೀರಿರುವ ನೆಲಕ್ಕೆ ದ್ವೀಪವೆಂದೇ ಹೆಸರು. ನೀರು ಉಪ್ಪಾಗಿರಬೇಕೆಂಬ ನಿಯಮವಿಲ್ಲ. ಶ್ರೀರಂಗಪಟ್ಟಣದ ಆದಿರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ನಡುವಣ ಮಧ್ಯರಂಗನು ಮಲಗಿರುವುದು ಇಲ್ಲಿಯೇ. ಕಾವೇರಿಯ ಮೂರು ದ್ವೀಪಗಳನ್ನು ಆರಿಸಿ ಮಲಗಿದ ದೇವರಿಗೆ ವಿಶ್ರಾಂತಿಯ ಸ್ಥಳವನ್ನು ಆರಿಸುವ ಜ್ಞಾನವಿರಲಿಲ್ಲವೆಂದು ಹೇಳುವಂತಿಲ್ಲ. ಗಗನಚುಕ್ಕಿಯ ಬಳಿ ಮರ್ದಾನೆ ಗೈಬ್ ದರ್ಗಾ ಇದೆ. ಎರಡು ಮತದವರೂ ಬರುತ್ತಾರೆ.

ಇನ್ನೊಂದು ಸಂಗತಿ. 1956 ರಲ್ಲಿ ಕನ್ನಡ ನಾಡು ಒಂದಾಗುವವರೆಗೆ ಈ ದ್ವೀಪವು ಕೊಳ್ಳೇಗಾಲದೊಡನೆ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಳವಳ್ಳಿಯ ದಡದಲ್ಲಿ ನಿಂತವನಿಗೆ ಎದುರಿಗೆ ಕಾಣುವುದು ಪರರಾಜ್ಯ. ನಿಜವಾದ ದ್ವೀಪಕ್ಕೆ ಇರಬೇಕಾದ ಲಕ್ಷಣಗಳಲ್ಲಿ ಇದೂ ಒಂದು.

ಸುಖವೈಭವದ ಮಾತಿಗೆ ಬಂದರೆ, ಈ ದ್ವೀಪವೂ ಅದನ್ನು ಕಂಡಿದೆ, ಅದರಿಂದ ಕೆಟ್ಟೂ ಇದೆ. ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲಿ ಒಂದು ಐತಿಹ್ಯವಿದೆ. ಇಲ್ಲಿ ಆಳುತ್ತಿದ್ದ ಗಂಗರಾಜನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಸತ್ತೇಗಾಲದ ಬಳಿಯ ಕಿಲಿಮಲೆಯ ದೊರೆಗೂ ಇನ್ನೊಬ್ಬಳನ್ನು ಮದ್ದೂರಿಗೆ ಮೂರು ಮೈಲಿ ದೂರದ ನಗರಕೆರೆಯ ದೊರೆಗೂ ಕೊಟ್ಟನು. ಆ ಇಬ್ಬರೂ ತವರಿನ ವೈಭವವು ಇಲ್ಲಿಲ್ಲವೆಂದು ಗಂಡಂದಿರನ್ನು ಹಗಲೂ ಇರುಳೂ ಹಂಗಿಸಿದರಂತೆ. ರೋಸಿದ ಅಳಿಯಂದಿರು ಕೂಡಿ ಮಾವನ ದ್ವೀಪಕ್ಕೆ ಮುತ್ತಿಗೆ ಹಾಕಿ ಹನ್ನೆರಡು ವರ್ಷ ಕುಳಿತರು. ಕಡೆಗೆ ದಳವಾಯಿ ಲಂಚ ತಿಂದು, ಕಡವಿನ ಕಾವಲನ್ನು ತೆಗೆಸಿ, ದೊರೆಯನ್ನು ಆಟದ ಹಾಸಿನ ಮುಂದೆ ಕೂರಿಸಿಕೊಂಡನು. ಕೂಗು ಕೇಳಿದಾಗ ಎಲ್ಲವೂ ಮುಗಿದಿತ್ತು. ದೊರೆಯು ಅಂತಃಪುರದವರನ್ನು ತಾನೇ ಕೊಂದು ಕತ್ತಿ ಹಿಡಿದು ಶತ್ರುಗಳ ನಡುವೆ ಬಿದ್ದನು. ಅದನ್ನು ಕಂಡು ಅಳಿಯಂದಿರು ಗಗನಚುಕ್ಕಿಗೆ ಹಾರಿದರು. ಅವರ ಹಿಂದೆ ಹೆಂಡಿರೂ ಹಾರಿದರು. ಅಳಿದುಳಿದ ಜನವನ್ನೂ ಸಂಪತ್ತನ್ನೂ ಚನ್ನಪಟ್ಟಣದ ಜಗದೇವರಾಯನೂ ತಲಕಾಡಿನ ಶ್ರೀರಂಗರಾಯನೂ ಕೊಂಡೊಯ್ದರು. ದ್ವೀಪ ಕಾಡಾಯಿತು.

ಕತೆ ಹೇಳುವವರು ಹೆಣ್ಣುಗಳ ಗರ್ವದಿಂದ ಪಟ್ಟಣ ಹಾಳಾಯಿತೆಂದು ಮುಗಿಸುತ್ತಾರೆ. ಇದು ಗಂಡಸರು ಕಟ್ಟಿದ ಕತೆಯೆಂಬುದರಲ್ಲಿ ಸಂದೇಹವಿಲ್ಲ. ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೂರುವ ಹಟ, ಲಂಚ ತಿನ್ನುವ ದಳವಾಯಿ, ಆಟದಲ್ಲಿ ಮೈಮರೆಯುವ ದೊರೆ, ಇವರಾರ ಮೇಲೂ ತಪ್ಪು ಹೊರಿಸಲಿಲ್ಲ. ಆ ಹುಡುಗಿಯರು ಕೇಳಿದ್ದಾದರೂ ಏನು? ಹುಟ್ಟಿದ ಮನೆಯಲ್ಲಿ ಇದ್ದಂತೆ ಇರುವುದನ್ನು. ನಗರಕೆರೆಗೆ ಬಂದವಳಿಗೆ ರಾತ್ರಿ ನೀರಿನ ಮೊರೆತ ಕೇಳದೆ ನಿದ್ದೆ ಬಾರದೆ ಇದ್ದಿರಬಹುದು. ಅದನ್ನೇ ಹೇಳಿದ್ದರೂ ಹೇಳಿರಬಹುದು. ಮಳವಳ್ಳಿಯಿಂದ ಮಂಡ್ಯಕ್ಕೆ ಸೊಸೆಯಾಗಿ ಬಂದ ಮನೆಯಾಕೆಗೆ ಈ ಕತೆ ಚಿಕ್ಕಂದಿನಿಂದ ಗೊತ್ತು. ಅದನ್ನು ಅವಳಿಗೆ ಹೇಳಿದ್ದೇ ಗಂಡನ ಮನೆಯಲ್ಲಿ ಏನನ್ನೂ ಕೇಳಬಾರದೆಂಬುದಕ್ಕೆ. ನಲವತ್ತು ವರ್ಷ ಆಕೆ ಏನನ್ನೂ ಕೇಳಿರಲಿಲ್ಲ.

ಕಾಡಾಗಿದ್ದ ದ್ವೀಪವನ್ನು ಮತ್ತೆ ಮನುಷ್ಯರ ವಾಸಕ್ಕೆ ತಂದವನು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದ ರಾಮಸ್ವಾಮಿ ಮೊದಲಿಯಾರ್. ಮೈಸೂರಿನ ರೆಸಿಡೆಂಟರ ಕಚೇರಿಯ ನಂಬಿಕೆಯ ಮನುಷ್ಯ. ಮುರಿದ ಸೇತುವೆಗಳನ್ನು ಕಟ್ಟಿಸಿದನು, ದೇವಾಲಯಗಳನ್ನು ಸರಿಮಾಡಿಸಿದನು, ನೋಡಲು ಬರುವ ಐರೋಪ್ಯರಿಗೆಂದು ಒಂದು ಬಂಗಲೆಯನ್ನೂ ಕಟ್ಟಿಸಿದನು. ಜನೋಪಕಾರ ಕಾಮಕರ್ತನೆಂಬ ಬಿರುದೂ ಜಹಗೀರೂ ದೊರೆತುವು. ಕಲ್ಲಿನ ಕಂಬಗಳ ಆ ಹಳೆಯ ಸೇತುವೆಗಳಲ್ಲಿ ವೆಸ್ಲಿ ಸೇತುವೆಯೆಂದು ಜನ ಕರೆಯುವುದರ ಒಂದು ಭಾಗ 2018 ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಸಾಹೇಬರು ಬಂಗಲೆಯ ಜಗಲಿಯಲ್ಲಿ ಕುಳಿತು ಜಲಪಾತವನ್ನು ನೋಡಿ, ಚಿತ್ರ ಬರೆದು, ಹಿಂದಿರುಗಿದರು. ಹೆಸರು ತಿಳಿಯದ ದ್ವೀಪಕ್ಕೆ ಸುಖವಾಗಿ ಹೋಗಿ ಬರುವ ಪದ್ಧತಿ ಮಂಡ್ಯದ ಸೀಮೆಗೆ ಹೊಸದೇನೂ ಅಲ್ಲ. ಹೋಗುವವರು ಬೇರೆಯಾಗಿದ್ದರು, ಅಷ್ಟೆ.

ಆಮೇಲೆ ಬಂದದ್ದು ವಿದ್ಯುತ್ತು. ದಿವಾನ್ ಶೇಷಾದ್ರಿ ಅಯ್ಯರ್ ಸಂಕಲ್ಪಿಸಿದ, ಕೆನಡದವನೇ ಆದ ಇಂಜಿನಿಯರ್ ದ ಲಾಟ್ಬಿನಿಯರ್ ನಡೆಸಿದ ಕೆಲಸ. ಮದ್ದೂರಿನ ರೈಲು ನಿಲ್ದಾಣದಲ್ಲಿ ಇಳಿದ ಯಂತ್ರಗಳನ್ನು ಆನೆಗಳೂ ಎತ್ತುಗಳೂ ಮಳವಳ್ಳಿಯ ದಾರಿಯಲ್ಲಿ ಎಳೆದು ತಂದುವು. 1902 ರಲ್ಲಿ ಇಲ್ಲಿ ಹುಟ್ಟಿದ ಶಕ್ತಿಯು 92 ಮೈಲಿಯ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905 ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಬದುಕಿರಲಿಲ್ಲ. 1901 ರಲ್ಲಿಯೇ ತೀರಿಕೊಂಡಿದ್ದರು. ನೀರು ಬೀಳುವ ಸದ್ದನ್ನು ಕೇಳುತ್ತ ಮಲಗುತ್ತಿದ್ದ ಮಳವಳ್ಳಿಯ ಹಳ್ಳಿಗಳಿಗೆ ಆ ಬೆಳಕು ಬರುವುದಕ್ಕೆ ಹಲವು ದಶಕಗಳೇ ಬೇಕಾದವು. ಮನೆಯಾಕೆಯ ಅಜ್ಜಿ ಹೊಳೆಯ ಸದ್ದಿಗೆ ಹತ್ತಿರವಿದ್ದು ಹರಳೆಣ್ಣೆಯ ದೀಪದಲ್ಲಿಯೇ ಆಯುಸ್ಸು ಕಳೆದಳು.

ಮನೆಯಾಕೆ ಆ ದ್ವೀಪಕ್ಕೆ ಹೋದದ್ದು ಒಂದೇ ಒಂದು ಸಲ, ಹರಕೆಗೆ, ಹದಿನಾಲ್ಕನೆಯ ವಯಸ್ಸಿನಲ್ಲಿ. ಇಪ್ಪತ್ತು ಮಂದಿಗೆ ಅಡಿಗೆಯಾಗಬೇಕಾಗಿತ್ತು. ಅಕ್ಕಿಯ ಚೀಲ, ಕೊಪ್ಪರಿಗೆ, ಸೌದೆ ಎಲ್ಲವನ್ನೂ ಹೆಂಗಸರು ಹೊತ್ತರು. ಗಂಡಸರು ಜಲಪಾತವನ್ನು ನೋಡಲು ಹೋದರು; ಹೆಂಗಸರು ಕಲ್ಲು ಹೂಡಿ ಒಲೆ ಹಚ್ಚಿದರು. ಊಟವಾಗಿ ಪಾತ್ರೆ ತೊಳೆಯುವ ಹೊತ್ತಿಗೆ ಬಂಡಿ ಕಟ್ಟಿದರು. ಗಗನಚುಕ್ಕಿಯ ಸದ್ದನ್ನು ಆಕೆ ಕೇಳಿದ್ದಳು, ಕಣ್ಣಿನಿಂದ ನೋಡಿರಲಿಲ್ಲ. ಇದನ್ನು ಆಕೆ ಯಾರನ್ನೂ ದೂರುವ ಧ್ವನಿಯಲ್ಲಿ ಹೇಳಲಿಲ್ಲ. ಮಂಡ್ಯದಿಂದ ಎಪ್ಪತ್ತು ಕಿಲೋಮೀಟರೂ ಇಲ್ಲದ ಸ್ಥಳವನ್ನು ಹೆಂಡತಿ ನೋಡಿಲ್ಲವೆಂಬುದು ಯಜಮಾನರಿಗೆ ಅಂದಿನವರೆಗೆ ತಿಳಿದಿರಲಿಲ್ಲ, ಕೇಳಿಯೇ ಇರಲಿಲ್ಲ.

ಲೆಕ್ಕದ ಪುಸ್ತಕದಲ್ಲಿ ಹೊಸ ಪುಟ ತೆರೆಯಿತು. ಎರಡು ರಾತ್ರಿ. ಭರಚುಕ್ಕಿಯ ಬಳಿ ಪ್ರವಾಸೋದ್ಯಮ ನಿಗಮದ ತಂಗುದಾಣವಿದೆ. ಅಲ್ಲಿ ಕೋಣೆ, ಅಲ್ಲಿಯೇ ಊಟ. ಪಾತ್ರೆ ಒಯ್ಯಕೂಡದೆಂಬುದು ಮನೆಯಾಕೆಯ ಮೊದಲನೆಯ ಷರತ್ತು. ಬುತ್ತಿಯೂ ಕೂಡದು. ಮಳವಳ್ಳಿಗೆ ಮಂಡ್ಯದಿಂದ ನೇರವಾದ ದಾರಿಯಿದ್ದರೂ ಮದ್ದೂರಿನ ಮೇಲೆ ಹೋಗಬೇಕೆಂಬುದು ಎರಡನೆಯದು. 1917 ರಿಂದ ಹೆಸರಾದ ಅಲ್ಲಿಯ ವಡೆಯನ್ನು ಆಕೆ ಯಾವಾಗಲೂ ಮನೆಗೆ ಕಟ್ಟಿಸಿಕೊಂಡು ಬಂದವಳೇ ಹೊರತು ಬಿಸಿಯಾಗಿರುವಾಗ ಕುಳಿತು ತಿಂದವಳಲ್ಲ. ಮಳವಳ್ಳಿಯಲ್ಲಿ ತವರಿನವರ ಮನೆಗೆ ಹೋಗದೆ ಮುಂದೆ ಸಾಗುವುದು ಮೂರನೆಯ ಷರತ್ತು, ಅತ್ಯಂತ ಕಠಿನವಾದದ್ದು. ಹೋದರೆ ಉಪಚಾರ, ಉಪಚಾರವೆಂದರೆ ಅಡಿಗೆಮನೆಗೆ ಹೋಗಿ ಕೈ ಹಾಕುವುದು. ಅಣ್ಣತಮ್ಮಂದಿರಿಗೆ ಹೇಳಬಾರದು. ಇಷ್ಟು ವಯಸ್ಸಿನಲ್ಲಿ ತವರಿನವರಿಂದ ಕದ್ದು ಹೋಗುವ ಈ ಹಂಚಿಕೆ ಆಕೆಯ ಮುಖದಲ್ಲಿ ಒಂದು ಬಗೆಯ ಕಾಂತಿಯನ್ನು ತಂದಿತ್ತು.

ದಿನ ಗೊತ್ತುಮಾಡುವುದು ಮಾತ್ರ ಅವರ ಕೈಯಲ್ಲಿರಲಿಲ್ಲ. ನೀವಿಸಿಗೆ ಮಳೆಯಿಲ್ಲದಾಗ ಹೋಗಬೇಕು. ಶಿವನಸಮುದ್ರಕ್ಕೆ ಮಳೆಯಾದಾಗಲೇ ಹೋಗಬೇಕು, ಅದೂ ತಲೆಯ ಮೇಲಲ್ಲ, ದೂರದ ಕೊಡಗಿನಲ್ಲಿ ಮಳೆಯಾಗಬೇಕು. ಬೇಸಗೆಯಲ್ಲಿ ನದಿಯ ನೀರಿನಲ್ಲಿ ಬಹುಪಾಲು ವಿದ್ಯುತ್ತಿನ ಕಾಲುವೆಗೆ ತಿರುಗುತ್ತದೆ. ಗಗನಚುಕ್ಕಿಯಲ್ಲಿ ಬಂಡೆಗಳು ಎಲುಬಿನಂತೆ ಕಾಣುತ್ತವೆ. ಕನ್ನಂಬಾಡಿಯಲ್ಲಿ 124.80 ಅಡಿ ತುಂಬಿ, ಕಬಿನಿಯೂ ತುಂಬಿ, ಎರಡು ಕಡೆಯಿಂದಲೂ ಹೊಳೆಗೆ ನೀರು ಬಿಟ್ಟಾಗಲೇ ಅದು ಮೈದುಂಬುವುದು. ಮಂಡ್ಯದ ರೈತನು ಪತ್ರಿಕೆಯಲ್ಲಿ ಮೊದಲು ನೋಡುವುದೇ ಆ ಅಡಿಗಳ ಅಂಕಿಯನ್ನು. ನಾಲೆಗೆ ನೀರು ಬರುವುದೇ ಇಲ್ಲವೇ, ತಮಿಳುನಾಡಿಗೆ ಎಷ್ಟು ಹೋಗುವುದು ಎಂಬ ಚಿಂತೆಯಿಂದ ಇಷ್ಟು ವರ್ಷ ನೋಡಿದ ಆ ಅಂಕಿಯನ್ನು ಈ ಸಲ ಯಜಮಾನರು ಬೇರೊಂದು ಕಾರಣಕ್ಕೂ ನೋಡತೊಡಗಿದರು. ಬಂಡೆಗಳ ಮೇಲೆ ಇಳಿಯಬಾರದೆಂಬುದನ್ನು ಪುಸ್ತಕದಲ್ಲಿ ಕೆಂಪು ಮಸಿಯಿಂದ ಬರೆದರು. ಜಾರಿ ಬಿದ್ದು ಪ್ರಾಣ ಬಿಟ್ಟವರ ಸುದ್ದಿ ಅಲ್ಲಿಂದ ಬಾರದ ವರ್ಷವಿಲ್ಲ.

ಮಗನಿಗೆ ಮೊದಲು ಬೇಸರವಾಯಿತು. ಸುಖಪಡಿರೆಂದರೆ ಪಕ್ಕದ ತಾಲ್ಲೂಕಿಗೆ ಹೋಗುತ್ತೇವೆನ್ನುತ್ತೀರಿ ಎಂದನು. ನೀವಿಸಿಗೆ ಆಮೇಲೆ ಹೋಗೋಣ, ಈಗ ಅಭ್ಯಾಸ ಮಾಡಿಕೊಳ್ಳುತ್ತೇವೆ, ಎಂದು ತಾಯಿ ಸಮಾಧಾನ ಹೇಳಿದಳು. ಅದು ಬರಿಯ ಸಮಾಧಾನದ ಮಾತೋ ನಿಜವಾದ ಉದ್ದೇಶವೋ ತಿಳಿಯುವಂತಿರಲಿಲ್ಲ. ಆಕೆಗೂ ತಿಳಿದಂತೆ ಕಾಣಲಿಲ್ಲ. ಅವನು ಕಳುಹಿಸಿದ್ದ ಗಾಣದ ಬುರುಜಿನ ಚಿತ್ರವನ್ನು ಮೊಬೈಲಿನಿಂದ ಅಳಿಸಲು ಮಾತ್ರ ಒಪ್ಪಲಿಲ್ಲ.

ಜುಲೈ ತಿಂಗಳ ಎರಡನೆಯ ವಾರ ಭಾಗಮಂಡಲದಲ್ಲಿ ಮಳೆ ಹಿಡಿಯಿತೆಂದು ಪತ್ರಿಕೆಯಲ್ಲಿ ಬಂತು. ಅಂದು ಸಂಜೆ ಯಜಮಾನರು ಕೊಟ್ಟಿಗೆಯ ಎರಡು ಹಸುಗಳನ್ನು ನೋಡಿಕೊಳ್ಳುವುದಕ್ಕೆ ನೆರೆಮನೆಯವನನ್ನು ಕೇಳಿಕೊಳ್ಳಲು ಹೋದರು. ಎಲ್ಲಿಗೆ ಹೊರಟಿರಿ ಎಂದು ಅವನು ಕೇಳಿದನು. ಮಧ್ಯರಂಗನ ದರ್ಶನಕ್ಕೆಂಬ ಉತ್ತರವನ್ನು ದಾರಿಯಲ್ಲಿಯೇ ಸಿದ್ಧಮಾಡಿಕೊಂಡು ಬಂದಿದ್ದರು. “ಹೊಳೆ ನೋಡಿ ಬರೋಣ ಅಂತ, ಸುಮ್ಮನೆ,” ಎಂದು ಹೇಳಿದರು. ನೆರೆಯವನು ಅವರ ಮುಖವನ್ನು ಒಮ್ಮೆ ನೋಡಿ, ಮನೆಯಲ್ಲಿ ಎಲ್ಲರೂ ಆರೋಗ್ಯವೇ ಎಂದು ವಿಚಾರಿಸಿದನು. ಹಾಲು ಕರೆಯುವ ಹೊತ್ತನ್ನೂ ಹಿಂಡಿಯ ಅಳತೆಯನ್ನೂ ಕೇಳಿ ತಿಳಿದುಕೊಂಡನು.